ಬೆಕ್ಕು ಕಾರಿಕೊಂಡರೆ ಏನು ಮಾಡಬೇಕು?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಮನೆಗಳಲ್ಲಿ ಬೆಕ್ಕು ಬರೀ ಮುದ್ದಿನ ಪ್ರಾಣಿಯಲ್ಲ. ಅಟ್ಟದ ಮೇಲಿನ ಅಡಿಕೆ ಚೀಲ, ಪಣತದ ಭತ್ತ ಇಲಿಯ ಪಾಲಾಗದೆ ಉಳಿಯುವುದು ಅದರಿಂದ. ಹಗಲು ಬಚ್ಚಲೊಲೆಯ ಪಕ್ಕ ಮಲಗಿ ರಾತ್ರಿ ತೋಟ ಸುತ್ತುವ ಬೆಕ್ಕು ಎಲ್ಲಿ ಏನು ತಿಂದು ಬಂತು ಎಂಬುದು ಮನೆಯವರಿಗೆ ತಿಳಿಯುವುದಿಲ್ಲ. ಬೆಳಿಗ್ಗೆ ಜಗಲಿಯಲ್ಲಿ ವಾಂತಿ ಕಂಡಾಗ ಕೆಲವರು ‘ಬೆಕ್ಕು ಕಾರೋದು ಹೊಸತೇನಲ್ಲ’ ಎಂದು ಒರೆಸಿ ಸುಮ್ಮನಾಗುತ್ತಾರೆ. ಕೆಲವರು ಗಾಬರಿಯಿಂದ ಮನೆಯಲ್ಲಿದ್ದ ಮಾತ್ರೆಯನ್ನೋ ಹರಳೆಣ್ಣೆಯನ್ನೋ ಅದರ ಬಾಯಿಗೆ ಸುರಿಯುತ್ತಾರೆ. ಸುಮ್ಮನಿದ್ದು ಕಳೆದುಕೊಂಡ ಬೆಕ್ಕುಗಳಿವೆ. ಔಷಧಿ ಮಾಡಲು ಹೋಗಿ ಕೊಂದ ಬೆಕ್ಕುಗಳೂ ಇವೆ. ಅಪರೂಪಕ್ಕೊಮ್ಮೆ ಬೆಕ್ಕು ಕಾರುವುದು ಸಹಜ. ಯಾವಾಗ ಅದು ಸಹಜವಲ್ಲ ಎಂದು ಗುರುತಿಸಲು ಮನೆಯವರಿಗೆ ಬರಬೇಕು.

ಒರೆಸುವ ಮೊದಲು ನೋಡಿ

ಮೊದಲ ಕೆಲಸ, ಆಗಿರುವುದು ವಾಂತಿಯೇ ಎಂದು ಖಾತ್ರಿ ಮಾಡಿಕೊಳ್ಳುವುದು. ವಾಂತಿಯಾಗುವಾಗ ಬೆಕ್ಕು ಜೊಲ್ಲು ಸುರಿಸುತ್ತದೆ, ತುಟಿ ನೆಕ್ಕುತ್ತದೆ, ಹೊಟ್ಟೆ ಎರಡು ಮೂರು ಸಲ ಜೋರಾಗಿ ಒಳಗೆಳೆದುಕೊಂಡು ಆಮೇಲೆ ಹೊರಗೆ ಬರುತ್ತದೆ. ತಿಂದ ಕೂಡಲೇ, ಏನೂ ಶ್ರಮವಿಲ್ಲದೆ, ಅನ್ನದ ಅಗುಳು ಹಾಗೇ ಹೊರಬಿದ್ದರೆ ಅದು ಗಬಗಬನೆ ನುಂಗಿದ್ದರಿಂದ ಇರಬಹುದು. ಪದೇ ಪದೇ ಹೀಗಾದರೆ ಅನ್ನನಾಳದ ತೊಂದರೆ. ಕುಕ್ಕರಗಾಲಿನಲ್ಲಿ ಕುಳಿತು ಕತ್ತು ಮುಂದೆ ಚಾಚಿ ಕೆರೆದಂತೆ ಸದ್ದು ಮಾಡಿ ಏನೂ ಹೊರಬರದಿದ್ದರೆ ಅದು ಕೆಮ್ಮು, ಹಲವು ಸಲ ಅಸ್ತಮಾ.

ಆಮೇಲೆ ವಾಂತಿಯನ್ನೇ ನೋಡಿ. ಬೆರಳುದ್ದದ ಕೂದಲ ಸುರುಳಿಯೋ ಗರಿಕೆಯ ಎಸಳೋ ಇದ್ದು ಬೆಕ್ಕು ಚುರುಕಾಗಿದ್ದರೆ ಹೆದರಬೇಕಿಲ್ಲ. ಮೈ ನೆಕ್ಕಿಕೊಂಡಾಗ ಒಳಗೆ ಹೋದ ಕೂದಲು ಹೀಗೇ ಹೊರಬರುತ್ತದೆ. ಹೊಟ್ಟೆ ಬಹಳ ಹೊತ್ತು ಖಾಲಿ ಇದ್ದಾಗ ಹಳದಿ ನೊರೆ ಬರುತ್ತದೆ, ಅದು ಪಿತ್ತ. ಶಾವಿಗೆಯಂಥ ಬಿಳಿ ಹುಳು ಕಂಡರೆ ಜಂತು. ಆ ದಿನವಲ್ಲದಿದ್ದರೂ ಆ ವಾರವೇ ವೈದ್ಯರಲ್ಲಿ ತೂಕ ಹೇಳಿ ಜಂತಿನ ಔಷಧಿ ತನ್ನಿ. ಕೆಂಪು ರಕ್ತ, ಕಡುಕಂದು ಬಣ್ಣದ ಪುಡಿ, ದಾರ, ನೀಲಿ ಅಥವಾ ಗುಲಾಬಿ ಬಣ್ಣ ಕಂಡರೆ ಕಾಯುವ ಮಾತೇ ಇಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದು, ಸಮಯ ಗುರುತು ಹಾಕಿ, ಆಮೇಲೆ ಒರೆಸಿ. ವೈದ್ಯರಿಗೆ ನಿಮ್ಮ ವರ್ಣನೆಗಿಂತ ಆ ಫೋಟೊ ಹೆಚ್ಚು ಹೇಳುತ್ತದೆ.

ಚುರುಕಾಗಿದ್ದರೆ ಮನೆಯಲ್ಲೇ

ಒಂದೆರಡು ಸಲ ಕಾರಿ ಬೆಕ್ಕು ಎಂದಿನಂತೆ ಓಡಾಡುತ್ತಿದ್ದರೆ, ಉಚ್ಚೆ ಹೊಯ್ಯುತ್ತಿದ್ದರೆ, ಅಡುಗೆಮನೆ ಬಾಗಿಲಲ್ಲಿ ಕೂಗುತ್ತಿದ್ದರೆ ನಾಲ್ಕರಿಂದ ಆರು ಗಂಟೆ ತಿನ್ನಲು ಏನೂ ಕೊಡಬೇಡಿ. ನೀರನ್ನು ಮಾತ್ರ ಸ್ವಲ್ಪ ಸ್ವಲ್ಪವೇ ಇಡಿ. ಬಟ್ಟಲು ತುಂಬಿಸಿದರೆ ಒಂದೇ ಸಲ ಕುಡಿದು ಮತ್ತೆ ಕಾರುತ್ತದೆ. ಉಪವಾಸ ಹನ್ನೆರಡು ಗಂಟೆ ಮೀರಬಾರದು. ಹಲವು ದಿನ ಏನೂ ತಿನ್ನದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ಸೇರಿ ಪ್ರಾಣಕ್ಕೇ ಕುತ್ತು ಬರುತ್ತದೆ, ದಪ್ಪ ಬೆಕ್ಕಿಗಂತೂ ಬೇಗ. ಮರಿಗಳನ್ನು ಉಪವಾಸ ಕೆಡವಲೇಬಾರದು. ಮರಿ ಎರಡು ಸಲ ಕಾರಿದರೆ ನೇರ ವೈದ್ಯರ ಬಳಿ ಹೋಗಿ.

ನಂತರ ಉಪ್ಪು, ಅರಿಶಿನ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲದೆ ಬೇಯಿಸಿದ ಕೋಳಿಮಾಂಸವನ್ನು ಎಸಳು ಬಿಡಿಸಿ ಒಂದು ಚಮಚ ಕೊಡಿ. ಮನೆಯಲ್ಲಿ ಮಾಂಸ ಬೇಯಿಸದವರು ಅದಕ್ಕೆ ರೂಢಿಯಿರುವ ಬೆಕ್ಕಿನ ಆಹಾರವನ್ನೇ ಬೆಚ್ಚಗಿನ ನೀರಲ್ಲಿ ನೆನೆಸಿ ಕೊಡಬಹುದು. ಹೊಟ್ಟೆಯಲ್ಲಿ ನಿಂತರೆ ಮೂರು ನಾಲ್ಕು ಗಂಟೆಗೊಮ್ಮೆ ಅಷ್ಟಷ್ಟೇ ಹಾಕಿ, ಎರಡು ದಿನದಲ್ಲಿ ಹಳೆಯ ಊಟಕ್ಕೆ ತನ್ನಿ. ಹಾಲು ಬೇಡ. ನಮ್ಮಲ್ಲಿ ಬೆಕ್ಕೆಂದರೆ ಹಾಲು ಅನ್ನ ಎಂಬುದು ರೂಢಿ, ಆದರೆ ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ. ಬರೀ ಹಾಲನ್ನ, ಮೊಸರನ್ನದಲ್ಲಿ ಟಾರಿನ್ ಎಂಬ ಪೋಷಕಾಂಶವೂ ಸಾಲದು; ಅದಿಲ್ಲದ ಬೆಕ್ಕಿಗೆ ಕಣ್ಣು, ಹೃದಯ ಎರಡೂ ಕೆಡುತ್ತವೆ.

ಬಾಯಿಗೆ ಬಲವಂತದಿಂದ ಏನನ್ನೂ ಹಾಕಬೇಡಿ. ಸುರಿದ ಎಣ್ಣೆ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ. ಮೈ ಬಿಸಿ ಎಂದು ಪ್ಯಾರಾಸಿಟಮಾಲ್ ಕೊಡುವವರಿದ್ದಾರೆ. ನಮಗೆ ಜ್ವರ ಇಳಿಸುವ 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಲು ಸಾಕು, ಏಕೆಂದರೆ ಅದರ ಯಕೃತ್ತಿಗೆ ಆ ಔಷಧಿಯನ್ನು ಒಡೆದು ಹೊರಹಾಕುವ ಶಕ್ತಿ ಇಲ್ಲ. ವಸಡು ಕಂದು ಬಣ್ಣಕ್ಕೆ ತಿರುಗಿ, ಮುಖ ಊದಿ, ಉಸಿರುಕಟ್ಟಿ ಸಾಯುತ್ತದೆ.

ಮಲೆನಾಡಿನ ವಿಷಗಳು

ಪೇಟೆಯ ಬೆಕ್ಕಿಗಿಲ್ಲದ ಕೆಲವು ಅಪಾಯಗಳು ತೋಟದ ಮನೆಯ ಬೆಕ್ಕಿಗಿವೆ. ಮುಂಗಾರಿನ ಹೊತ್ತಿಗೆ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ. ದ್ರಾವಣ ಕಲಸಿದ ಡ್ರಮ್ಮಿನ ಸುತ್ತ ನೀಲಿ ಕೆಸರು ನಿಂತಿರುತ್ತದೆ. ಬೆಕ್ಕು ಅದನ್ನು ತುಳಿದು ಬಂದು ಒಲೆಯ ಪಕ್ಕ ಕುಳಿತು ಪಂಜ ನೆಕ್ಕುತ್ತದೆ. ಮೈಲುತುತ್ತ ಹೊಟ್ಟೆಯೊಳಗಿನ ಪದರವನ್ನು ಸುಡುತ್ತದೆ. ನೀಲಿ ಹಸಿರು ವಾಂತಿ ಬರುತ್ತದೆ. ಮದ್ದು ಹೊಡೆಯುವ ದಿನ ಬೆಕ್ಕನ್ನು ಒಳಗೆ ಕೂಡಿ. ಕಲಸಿದ ಜಾಗ ತೊಳೆಯಿರಿ. ಕಾಲಿಗೆ ಅಂಟಿದ್ದು ಕಂಡರೆ ಬೆಚ್ಚಗಿನ ಸೋಪು ನೀರಲ್ಲಿ ತೊಳೆದು ಒರೆಸಿ.

ಇಲಿ ಪಾಷಾಣದಲ್ಲಿ ಎರಡು ಬಗೆ ಮುಖ್ಯ. ಕಪ್ಪು ಪುಡಿಯಾಗಿ ಬರುವ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ಸೇರಿದೊಡನೆ ವಿಷಾನಿಲವಾಗುತ್ತದೆ. ಕೆಲವೇ ಗಂಟೆಗಳಲ್ಲಿ ವಾಂತಿ ಶುರು; ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ವಾಸನೆ ಬಂದರೆ ಕಿಟಕಿ ಬಾಗಿಲು ತೆರೆಯಿರಿ, ನೀವೂ ಆ ಗಾಳಿ ಕುಡಿಯಬೇಡಿ. ಬೆಕ್ಕಿಗೆ ಊಟ ಹಾಕಬೇಡಿ, ಊಟ ಬಿದ್ದರೆ ಆಮ್ಲ ಇನ್ನಷ್ಟು ಸುರಿಯುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ, ವೇಗವೊಂದೇ ದಾರಿ. ಬ್ರೋಮಾಡಿಯೋಲೋನ್ ಬಿಲ್ಲೆಗಳದ್ದು ಬೇರೆ ರೀತಿ. ತಿಂದ ದಿನ ಬೆಕ್ಕು ಚೆನ್ನಾಗೇ ಇರುತ್ತದೆ. ಮೂರು ನಾಲ್ಕು ದಿನದ ಮೇಲೆ ವಸಡು ಬಿಳಿಚಿ, ಮೂಗಿನಲ್ಲೋ ವಾಂತಿಯಲ್ಲೋ ರಕ್ತ ಬರುತ್ತದೆ. ಇದಕ್ಕೆ ವಿಟಮಿನ್ ಕೆ1 ಚಿಕಿತ್ಸೆ ಇದೆ, ಬೇಗ ಶುರುಮಾಡಿದರೆ ಬೆಕ್ಕು ಉಳಿಯುತ್ತದೆ. ಹಾಗಾಗಿ ಪಾಷಾಣದ ಖಾಲಿ ಪೊಟ್ಟಣ ಎಸೆಯದೆ ವೈದ್ಯರಿಗೆ ತೋರಿಸಿ. ವಿಷ ತಿಂದ ಇಲಿಯನ್ನು ಹಿಡಿದು ತಿಂದರೂ ಬೆಕ್ಕಿಗೆ ವಿಷವೇರುತ್ತದೆ.

ಇನ್ನೊಂದು ಅಪಾಯ ನಮ್ಮ ಸೀಮೆಗೇ ಸೇರಿದ್ದು. ಮಂಗನ ಕಾಯಿಲೆಯ ಭಯವಿರುವ ಊರುಗಳಿವು, ಉಣುಗು ಕಂಡರೆ ಯಾರೂ ಸುಮ್ಮನಿರುವುದಿಲ್ಲ. ಕೊಟ್ಟಿಗೆಯಲ್ಲಿ ದನಕ್ಕೆ ಹಚ್ಚಿ ಉಳಿದ ಔಷಧಿಯನ್ನು ಬೆಕ್ಕಿಗೂ ಹಚ್ಚಿಬಿಡುತ್ತಾರೆ. ಸೈಪರ್‌ಮೆಥ್ರಿನ್, ಪರ್ಮೆಥ್ರಿನ್, ಅಮಿಟ್ರಾಜ್ ಬೆಕ್ಕಿಗೆ ಆಗಿಬರುವುದಿಲ್ಲ. ಜೊಲ್ಲು, ವಾಂತಿ, ಆಮೇಲೆ ಮೈ ನಡುಕ. ಹಚ್ಚಿಯಾಗಿದ್ದರೆ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಬೆಚ್ಚಗೆ ಸುತ್ತಿ ಹೊರಡಿ.

ಇವಕ್ಕೆ ಕಾಯಬೇಡಿ

ಹೂ ಕಟ್ಟುವ ದಾರ ನಾಲಿಗೆಯ ಬುಡಕ್ಕೆ ಸುತ್ತಿಕೊಂಡಿದ್ದರೆ ಅಥವಾ ಗುದದಲ್ಲಿ ನೇತಾಡುತ್ತಿದ್ದರೆ ಎಳೆಯಬೇಡಿ. ಒಳಗೆ ಕರುಳು ಕೊಯ್ದುಹೋಗುತ್ತದೆ. ಗಂಡು ಬೆಕ್ಕು ಉಚ್ಚೆಗೆ ತಿಣುಕಿ ಏನೂ ಬಾರದೆ ವಾಂತಿಯೂ ಆಗುತ್ತಿದ್ದರೆ ಮೂತ್ರನಾಳ ಕಟ್ಟಿದೆ ಎಂದರ್ಥ. ಇದನ್ನು ಮಲಬದ್ಧತೆ ಎಂದು ತಪ್ಪು ತಿಳಿದು ಎಣ್ಣೆ ಕುಡಿಸುವುದೇ ಹೆಚ್ಚು. ಎರಡು ಮೂರು ದಿನದಲ್ಲಿ ಪ್ರಾಣ ಹೋಗುತ್ತದೆ. ಲಸಿಕೆಯಾಗದ ಮರಿ ಕಾರುತ್ತಾ, ಭೇದಿಯಾಗಿ, ನೀರಿನ ಬಟ್ಟಲ ಮುಂದೆ ತಲೆ ತಗ್ಗಿಸಿ ಕುಳಿತು ಕುಡಿಯದಿದ್ದರೆ ಪ್ಯಾನ್‌ಲ್ಯೂಕೋಪೀನಿಯ ಎಂಬ ವೈರಸ್ ರೋಗ ಇರಬಹುದು. ಇದು ಮನೆಯಲ್ಲಿ ವರ್ಷದವರೆಗೂ ಉಳಿಯಬಲ್ಲದು, ಲಸಿಕೆಯಾಗದ ಹೊಸ ಮರಿಯನ್ನು ಆ ಮನೆಗೆ ತರಬಾರದು. ದಿನದಲ್ಲಿ ಮೂರಕ್ಕಿಂತ ಹೆಚ್ಚು ವಾಂತಿ, ಒಂದು ದಿನ ಪೂರ್ತಿ ಊಟ ಬಿಡುವುದು, ಮೂಲೆ ಸೇರುವುದು, ವಸಡು ಅಂಟಂಟಾಗುವುದು ಕೂಡ ಹೊರಡುವ ಸೂಚನೆಗಳೇ. ವಾರಕ್ಕೊಮ್ಮೆ ಕಾರುತ್ತಾ ಇಳಿದುಹೋಗುತ್ತಿರುವ ವಯಸ್ಸಾದ ಬೆಕ್ಕಿಗೆ ಮೂತ್ರಪಿಂಡ, ಥೈರಾಯಿಡ್ ಪರೀಕ್ಷೆ ಬೇಕು.

ಹೊರಡುವ ಹೊತ್ತು

ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಅಲ್ಲಿ ಹೆಚ್ಚು ಬರುವುದು ದನ ಎಮ್ಮೆ, ಆದ್ದರಿಂದ ಮೊದಲೇ ಫೋನು ಮಾಡಿ ‘ಬೆಕ್ಕು ತರುತ್ತಿದ್ದೇವೆ’ ಎಂದು ಹೇಳಿ. ಎಕ್ಸ್‌ರೇ, ಶಸ್ತ್ರಚಿಕಿತ್ಸೆ ಬೇಕಾದರೆ ಶಿವಮೊಗ್ಗದ ವಿನೋಬನಗರದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆ ಹೋಗಬೇಕಾಗಬಹುದು. ಪಶು ಸಂಜೀವಿನಿಯ 1962 ಸಂಖ್ಯೆ ಮುಖ್ಯವಾಗಿ ಜಾನುವಾರುಗಳಿಗೆ, ಆದರೂ ಹತ್ತಿರದ ವೈದ್ಯರನ್ನು ಕೇಳಲು ಕರೆ ಮಾಡಿ ನೋಡಬಹುದು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ತುಮರಿ ಕಡೆಯವರಿಗೆ ಲಾಂಚ್ ಕಾಯುವ ಕಷ್ಟ ತಪ್ಪಿದೆ. ಆಗುಂಬೆ, ನಗರ, ಮಾಸ್ತಿಕಟ್ಟೆ ಸುತ್ತಿನವರಿಗೆ ಮಳೆಗಾಲದಲ್ಲಿ ಮರ ಬಿದ್ದ ರಸ್ತೆ, ಸಿಗ್ನಲ್ ಇಲ್ಲದ ಮೊಬೈಲು ತಪ್ಪಿಲ್ಲ. ಅಂಥ ಊರಲ್ಲಿ ‘ನಾಳೆ ನೋಡೋಣ’ ಎನ್ನಬೇಡಿ. ಅನುಮಾನವಿದ್ದರೆ ಕತ್ತಲಾಗುವ ಮೊದಲೇ ಹೊರಡಿ. ಗೋಣಿಚೀಲದಲ್ಲಿ ಕಟ್ಟಿ ಒಯ್ಯಬೇಡಿ, ಕಾರಿದ್ದೇ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಗಾಳಿಯಾಡುವ ಮುಚ್ಚಳದ ಬುಟ್ಟಿ ಸಾಕು.

ತಡೆಯುವ ಕೆಲಸ ಅಷ್ಟೇನೂ ಇಲ್ಲ. ಮೂರು ತಿಂಗಳಿಗೊಮ್ಮೆ ಜಂತಿನ ಔಷಧಿ, ಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ ಮತ್ತು ವೈದ್ಯರು ಹೇಳಿದಂತೆ ಮುಂದಿನವು, ಕೂದಲು ಉದುರುವ ದಿನಗಳಲ್ಲಿ ಬಾಚಣಿಗೆ. ಇನ್ನು, ಇಲಿ ಪಾಷಾಣ ಇಡುವ ದಿನ ನೆರೆಮನೆಗೂ ಒಂದು ಮಾತು ಹೇಳಿ. ಅವರ ಬೆಕ್ಕೂ ನಿಮ್ಮ ತೋಟಕ್ಕೆ ಬರುತ್ತದೆ.