ಮನೆ ಬಿಡುವ ಮುನ್ನ ಕೊಡಬೇಕಾದ ಸೂಚನೆ

ಬೇಸಗೆಯ ರಜೆ ಬಂತೆಂದರೆ ನಮ್ಮ ಸೊಲ್ಲಾಪುರದಲ್ಲಿ ಮನೆ ಬದಲಿಸುವ ಕುಟುಂಬಗಳು ಅನೇಕ. ಕೀಲಿಕೈಯನ್ನು ಮಾಲೀಕರ ಕೈಗಿತ್ತರೆ ಬಾಡಿಗೆಯ ಹೊಣೆ ತೀರಿತೆಂದು ಹಲವರು ಭಾವಿಸುತ್ತಾರೆ. ಬಳಿಕ ಠೇವಣಿಯ ಹಣ ಕೈಗೆ ಬಾರದೆ ಮಕ್ಕಳ ಪುಸ್ತಕಗಳಿಗೂ ಪರದಾಡುತ್ತಾರೆ.

1882ರ ಸ್ವತ್ತು ವರ್ಗಾವಣೆ ಕಾಯಿದೆಯ 106ನೆಯ ಕಲಮು ಹೇಳುವುದಿಷ್ಟು: ಬೇರೆ ಕರಾರು, ಸ್ಥಳೀಯ ಕಾನೂನು ಅಥವಾ ರೂಢಿ ಇಲ್ಲದಿದ್ದರೆ ವಾಸದ ಮನೆಯ ಬಾಡಿಗೆಯು ತಿಂಗಳಿಂದ ತಿಂಗಳಿಗೆ ನಡೆಯತಕ್ಕದ್ದು, ಅದನ್ನು ಮುಗಿಸಲು 15 ದಿನಗಳ ಸೂಚನೆ ಬೇಕು. ಮೊದಲು ಈ ಅವಧಿಯು ಬಾಡಿಗೆಯ ತಿಂಗಳ ಕೊನೆಗೇ ಮುಗಿಯಬೇಕಾಗಿತ್ತು. 2002ರ ತಿದ್ದುಪಡಿಯ ತರುವಾಯ ಸೂಚನೆ ತಲುಪಿದ ದಿನದಿಂದ ಎಣಿಕೆ. ಬಾಯಿಮಾತು ಸಾಲದು, ಬರೆದು, ರುಜು ಮಾಡಿ, ಅಂಚೆಯಿಂದಲೋ ಕೈಯಾರೆಯೋ ತಲುಪಿಸಬೇಕು.

ಆದರೆ ಇಂದು ಇಲ್ಲಿ ಬಹುತೇಕ ಮನೆಗಳು ‘ಲೀವ್ ಅಂಡ್ ಲೈಸೆನ್ಸ್’ ಕರಾರಿನವು. ಅಲ್ಲಿ 15 ದಿನಗಳ ಮಾತಿಲ್ಲ, ಕರಾರಿನಲ್ಲಿ ಬರೆದುದೇ ನಿಯಮ. ಸಾಮಾನ್ಯವಾಗಿ ಒಂದು ತಿಂಗಳು. ಇಷ್ಟು ತಿಂಗಳ ಒಳಗೆ ಬಿಡಕೂಡದೆಂಬ ಷರತ್ತೂ ಕೆಲವೆಡೆ ಇರುತ್ತದೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮಿನಂತೆ ಈ ಕರಾರು ಲಿಖಿತವಾಗಿ ನೋಂದಣಿಯಾಗಬೇಕು. ಅದರ ಹೊಣೆ ಮಾಲೀಕರದು. ನೋಂದಣಿಯಾಗದಿದ್ದರೆ, ಬೇರೆ ರೀತಿ ರುಜುವಾಗುವವರೆಗೆ ಷರತ್ತುಗಳ ವಿಷಯದಲ್ಲಿ ಬಾಡಿಗೆದಾರರ ಮಾತೇ ನಿಲ್ಲುತ್ತದೆ. ಇದನ್ನು ಬಲ್ಲವರು ನಮ್ಮಲ್ಲಿ ವಿರಳ.

ಕರಾರುಪತ್ರ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ವಿದ್ಯಾರ್ಥಿಗಳು ಅದನ್ನು ಮನೆಯ ಹಿರಿಯರಿಗೆ ಓದಿ ಕನ್ನಡದಲ್ಲಿ ತಿಳಿಸಲಿ. ಸೂಚನೆಯ ಪತ್ರದಲ್ಲಿ ತಾರೀಖು, ಮನೆಯ ವಿಳಾಸ, ಬಿಡುವ ದಿನ ಇವಿಷ್ಟು ಇರಲಿ. ಒಂದು ನಕಲನ್ನೂ ಅಂಚೆಯ ರಸೀದಿಯನ್ನೂ ಠೇವಣಿ ಮರಳುವ ತನಕ ಜೋಪಾನವಾಗಿಡಬೇಕು.