ಮೊದಲ 30 ದಿನ ನಿಮ್ಮ ಕೈಯಲ್ಲಿದೆ

ಬ್ರಿಟನ್ನಿಗೆ ಹೊಸದಾಗಿ ಬಂದ ಕುಟುಂಬಗಳಿಗೆ: ಕೊಂಡ ಕಾರು ಸರಿಯಿಲ್ಲ ಎಂದು ಗೊತ್ತಾದಾಗ

ಇಲ್ಲಿ ಮನೆ ಹಿಡಿದ ಮೇಲೆ ನಮ್ಮಲ್ಲಿ ಹೆಚ್ಚಿನವರು ಮಾಡುವ ಮೊದಲ ದೊಡ್ಡ ಖರ್ಚು ಕಾರಿನದು. ಆಸ್ಪತ್ರೆಯ ಬೆಳಗಿನ ಶಿಫ್ಟಿಗೆ ಬಸ್ಸು ಸಿಗುವುದಿಲ್ಲ, ಮಗುವಿನ ಶಾಲೆ ಒಂದು ದಿಕ್ಕಿಗೆ, ಆಫೀಸು ಇನ್ನೊಂದು ದಿಕ್ಕಿಗೆ. ಊರಿನ ಲೈಸೆನ್ಸಿನಲ್ಲೇ ಮೊದಲ 12 ತಿಂಗಳು ಓಡಿಸಬಹುದಾದ್ದರಿಂದ ಬಂದ ತಿಂಗಳೇ ಸೆಕೆಂಡ್ ಹ್ಯಾಂಡ್ ಕಾರು ಹುಡುಕಲು ಹೊರಡುತ್ತೇವೆ. ಅವಸರದಲ್ಲಿ ಕೊಂಡ ಆ ಕಾರು ಕೈಕೊಟ್ಟರೆ ಏನು ಮಾಡಬೇಕು ಎಂಬುದು ನಮಗೆ ಬಂದ ಹೊಸತರಲ್ಲಿ ಗೊತ್ತಿರಲಿಲ್ಲ. ನಿಮಗೆ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ನಡೆದದ್ದು

2018ರ ಡಿಸೆಂಬರ್. ಆರು ವರ್ಷ ಹಳೆಯ ಪೆಟ್ರೋಲ್ ಕಾರು, ಬೆಲೆ 5,600 ಪೌಂಡ್. ಮುಂಗಡ 250 ಪೌಂಡನ್ನು ಆಗಷ್ಟೇ ಬಂದಿದ್ದ ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟೆ, ಉಳಿದದ್ದನ್ನು ಬ್ಯಾಂಕಿನಿಂದ ಕಳಿಸಿದೆ. ಒಂಬತ್ತನೇ ದಿನ ನೈಟ್ ಡ್ಯೂಟಿ ಮುಗಿಸಿದ ಹೆಂಡತಿಯನ್ನು ಕರೆತರುವಾಗ ಹೀಟರಿನಿಂದ ಬಿಸಿಗಾಳಿ ಬರುವುದು ನಿಂತುಹೋಯಿತು. ಹಿಂದಿನ ಸೀಟಿನಲ್ಲಿ ಮಗಳು ಕಂಬಳಿ ಹೊದ್ದು ಕೂತಿದ್ದಳು. ಮನೆಗೆ ಬಂದು ಬಾನೆಟ್ ಎತ್ತಿ ನೋಡಿದರೆ ಕೂಲೆಂಟ್ ಡಬ್ಬಿಯ ತಳದಲ್ಲಿ ಒಂದಿಷ್ಟು ಗುಲಾಬಿ ಬಣ್ಣದ ನೀರು ಮಾತ್ರ ಉಳಿದಿತ್ತು.

ಡೀಲರಿಗೆ ಫೋನ್ ಮಾಡಿದೆ. ಚಳಿಗಾಲದಲ್ಲಿ ಹೀಗಾಗುತ್ತದೆ, ತುಂಬಿಸಿಕೊಂಡು ಓಡಿಸಿ ಎಂದರು. ತುಂಬಿಸಿದೆ. ವಾರಕ್ಕೆ ಮತ್ತೆ ಖಾಲಿ. ‘ಹೋಗ್ಲಿ ಬಿಡಿ, ಹಳೇ ಗಾಡಿ ಅಲ್ವಾ’ ಎಂದು ನಾವೇ ಸಮಾಧಾನ ಮಾಡಿಕೊಂಡೆವು. 26ನೇ ದಿನ ಮತ್ತೆ ಫೋನ್ ಮಾಡಿದಾಗ ರಿಪೇರಿಗೆ ಒಪ್ಪಿದರು, ಆದರೆ ಮುಂದಿನ ವಾರ ಬನ್ನಿ ಎಂದರು. ಥರ್ಮೋಸ್ಟಾಟ್ ಬದಲಾಯಿಸಿದ್ದೇವೆ ಎಂದು ಕಾರು ವಾಪಸ್ ಕೊಟ್ಟದ್ದು 37ನೇ ದಿನ. ಐದು ದಿನ ಕಳೆಯುವುದರೊಳಗೆ ಡಬ್ಬಿ ಮತ್ತೆ ಖಾಲಿ. ಕಾರು ಬೇಡ, ಹಣ ಕೊಡಿ ಎಂದು ಕೇಳಿದರೆ ಹಿಂತಿರುಗಿಸಲು ಇದ್ದ 30 ದಿನ ದಾಟಿಹೋಗಿದೆ ಎಂಬ ಉತ್ತರ ಬಂತು.

ಇಲ್ಲಿನ ನಮ್ಮ ಕನ್ನಡ ಕೂಟದ ಹಿರಿಯರೊಬ್ಬರನ್ನು ನಾವೆಲ್ಲ ಮಾವ ಎಂದೇ ಕರೆಯುತ್ತೇವೆ. ಸಂಕ್ರಾಂತಿ ಊಟದ ದಿನ ಅವರ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಅವರು ಕೇಳಿದ್ದು ಒಂದೇ ಮಾತು: ‘ಇಷ್ಟು ಸಲ ಫೋನ್ ಮಾಡಿದೀಯಲ್ಲಪ್ಪ, ಒಂದ್ಸಲನಾದ್ರೂ ಬರೆದು ಕಳಿಸಿದ್ಯಾ?’

ಕಳಿಸಿರಲಿಲ್ಲ. 26ನೇ ದಿನದ ಫೋನ್ ಮಾತನ್ನು ಎರಡು ಸಾಲಿನ ಇಮೇಲಾಗಿ ಕಳಿಸಿದ್ದರೆ 30 ದಿನದ ಗಡಿಯಾರ ಅಲ್ಲೇ ನಿಂತಿತ್ತು ಎಂದು ತೋರಿಸಬಹುದಿತ್ತು. ರಿಪೇರಿ ಆಗಿ ಬಂದ ಮೇಲೂ ನಮಗೆ ಕನಿಷ್ಠ 7 ದಿನ ಇರುತ್ತಿತ್ತು. ಆದರೆ ಸಾಬೀತು ಮಾಡಲು ನನ್ನ ಕೈಯಲ್ಲಿ ಒಂದಕ್ಷರವೂ ಇರಲಿಲ್ಲ.

ಕಾನೂನು ನಿಮ್ಮ ಪರವಾಗಿದೆ

ಇಲ್ಲಿನ ಗ್ರಾಹಕ ಹಕ್ಕುಗಳ ಕಾಯ್ದೆಯ ಹೆಸರು ಕನ್ಸ್ಯೂಮರ್ ರೈಟ್ಸ್ ಆ್ಯಕ್ಟ್ 2015. ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ವ್ಯಾಪಾರಿಯಿಂದ ಕೊಂಡ ವಸ್ತುವಿಗೆ ಈ ಕಾಯ್ದೆ ಮೂರು ಭರವಸೆ ಕೊಡುತ್ತದೆ: ಗುಣಮಟ್ಟ ತೃಪ್ತಿಕರವಾಗಿರಬೇಕು, ಉದ್ದೇಶಕ್ಕೆ ತಕ್ಕದ್ದಾಗಿರಬೇಕು, ವರ್ಣಿಸಿದಂತೆಯೇ ಇರಬೇಕು. ಹೊಸ ಕಾರಿಗೂ ಹಳೆಯ ಕಾರಿಗೂ ಇದು ಅನ್ವಯಿಸುತ್ತದೆ. ಹಳೆಯ ಕಾರಾದರೆ ಅದರ ವಯಸ್ಸು, ಓಡಿದ ಮೈಲಿ, ಕೊಟ್ಟ ಬೆಲೆ ಇವನ್ನು ನೋಡಿ ಗುಣಮಟ್ಟ ಅಳೆಯುತ್ತಾರೆ. ಎಂಟು ವರ್ಷದ ಕಾರಿನ ಬ್ರೇಕ್ ಪ್ಯಾಡ್ ಸವೆದಿದ್ದರೆ ಅದು ಸಹಜ ಸವಕಳಿ. ಕೊಂಡ ಹತ್ತೇ ದಿನಕ್ಕೆ ಎಂಜಿನ್ ಕಾಯತೊಡಗಿದರೆ ಅದು ಸವಕಳಿ ಅಲ್ಲ. ಕೊಳ್ಳುವ ಮುಂಚೆಯೇ ನಿಮಗೆ ತೋರಿಸಿ ಹೇಳಿದ ದೋಷಕ್ಕೆ ಮಾತ್ರ ಆಮೇಲೆ ತಕರಾರು ಎತ್ತಲಾಗುವುದಿಲ್ಲ.

ಮೂರು ಮಾತುಗಳನ್ನು ಇಲ್ಲಿ ಪದೇಪದೇ ಕೇಳುತ್ತೀರಿ. ‘ಇದ್ದದ್ದು ಇದ್ದ ಹಾಗೆ ಮಾರಿದ್ದೇವೆ’ ಎಂದು ರಸೀತಿಯಲ್ಲಿ ಬರೆದಿದ್ದರೂ ಅದರಿಂದ ವ್ಯಾಪಾರಿಯ ಹೊಣೆ ತಪ್ಪುವುದಿಲ್ಲ. ‘ಮೂರು ತಿಂಗಳ ವಾರಂಟಿ ಮುಗಿದಿದೆ’ ಎಂದರೂ ಅಷ್ಟೇ. ವಾರಂಟಿ ಕಾನೂನಿನ ಹಕ್ಕಿನ ಮೇಲೆ ಸೇರುವುದೇ ಹೊರತು ಅದರ ಬದಲಿಗೆ ಬರುವುದಲ್ಲ. ‘ಕಂಪನಿಯನ್ನು ಕೇಳಿ’ ಎಂಬ ಮಾತಿಗೂ ಬಗ್ಗಬೇಕಿಲ್ಲ. ನಿಮ್ಮ ಒಪ್ಪಂದ ಮಾರಿದವರ ಜೊತೆಗೆ, ತಯಾರಿಸಿದವರ ಜೊತೆಗಲ್ಲ.

ಗಡಿಯಾರದ ಲೆಕ್ಕ

ಮೊದಲ 30 ದಿನ: ಕಾರು ಕೈಗೆ ಬಂದ ಮರುದಿನದಿಂದ ಎಣಿಸಿ. ದೋಷವಿದ್ದರೆ ಕಾರನ್ನು ಹಿಂತಿರುಗಿಸಿ ಪೂರ್ತಿ ಹಣ ಕೇಳಬಹುದು. ಓಡಿಸಿದ ಮೈಲಿಗೆಂದು ಒಂದು ಪೈಸೆಯನ್ನೂ ಮುರಿದುಕೊಳ್ಳುವಂತಿಲ್ಲ. ರಿಪೇರಿಗೆ ಒಪ್ಪಲೇಬೇಕೆಂಬ ಕಡ್ಡಾಯವೂ ಇಲ್ಲ. ಆದರೆ ಈ ಹಂತದಲ್ಲಿ ದೋಷ ಮಾರುವಾಗಲೇ ಇತ್ತೆಂದು ತೋರಿಸಬೇಕಾದವರು ನೀವು. ಅದಕ್ಕೆ ಬೇರೆ ಗ್ಯಾರೇಜಿನಿಂದ ಬರಹದಲ್ಲಿ ವರದಿ ಪಡೆಯಿರಿ. ನೀವೇ ರಿಪೇರಿ ಕೇಳಿದರೆ ಅಥವಾ ಒಪ್ಪಿದರೆ ಅಂದಿನಿಂದ ಕಾರು ವಾಪಸ್ ಬರುವವರೆಗೆ ಗಡಿಯಾರ ನಿಲ್ಲುತ್ತದೆ. ಬಂದ ಮೇಲೂ ದೋಷ ಉಳಿದಿದ್ದರೆ ಬಾಕಿ ದಿನಗಳು ಅಥವಾ 7 ದಿನ, ಇವೆರಡರಲ್ಲಿ ಯಾವುದು ಹೆಚ್ಚೋ ಅದು ನಿಮ್ಮದು.

30 ದಿನದಿಂದ 6 ತಿಂಗಳು: ಈಗ ವ್ಯಾಪಾರಿಗೆ ರಿಪೇರಿ ಮಾಡಲು ಒಂದು ಅವಕಾಶ ಕೊಡಬೇಕು. ಒಂದೇ ಒಂದು. ಖರ್ಚು ಅವರದು, ಅದೂ ನಿಮಗೆ ಹೆಚ್ಚು ತೊಂದರೆಯಾಗದಂತೆ ಸಮಂಜಸ ಸಮಯದೊಳಗೆ ಮುಗಿಯಬೇಕು. ಅದು ವಿಫಲವಾದರೆ ಕಾರನ್ನು ತಿರಸ್ಕರಿಸಿ ಹಣ ಕೇಳಬಹುದು, ಇಲ್ಲವೇ ಕಾರನ್ನು ಇಟ್ಟುಕೊಂಡು ಬೆಲೆಯಲ್ಲಿ ಕಡಿತ ಕೇಳಬಹುದು. ಈ ಅವಧಿಯಲ್ಲಿ ಕಂಡ ದೋಷ ಮಾರುವಾಗಲೇ ಇತ್ತೆಂದು ಕಾನೂನು ಭಾವಿಸುತ್ತದೆ, ಇರಲಿಲ್ಲ ಎಂದು ತೋರಿಸುವ ಹೊಣೆ ವ್ಯಾಪಾರಿಯದು. ಬಳಸಿದ ಮೈಲಿಗಳಿಗೆ ಮಾತ್ರ ಒಂದಿಷ್ಟು ಹಣ ಮುರಿದುಕೊಳ್ಳಬಹುದು.

6 ತಿಂಗಳ ನಂತರ: ಹಕ್ಕು ಇರುತ್ತದೆ, ಆದರೆ ದೋಷ ಮೊದಲೇ ಇತ್ತೆಂದು ತೋರಿಸುವ ಹೊಣೆ ಮತ್ತೆ ನಿಮ್ಮ ಮೇಲೆ ಬರುತ್ತದೆ. ಕೋರ್ಟಿಗೆ ಹೋಗಲು ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 6 ವರ್ಷ, ಸ್ಕಾಟ್ಲೆಂಡಿನಲ್ಲಿ 5 ವರ್ಷದ ಮಿತಿಯಿದೆ.

ಹಣ ಯಾವ ದಾರಿಯಲ್ಲಿ ಹೋಯಿತು?

ಕಾರು 100 ಪೌಂಡಿಗಿಂತ ಹೆಚ್ಚು, 30,000 ಪೌಂಡಿನವರೆಗೆ ಬೆಲೆಯದ್ದಾಗಿ, ಅದರಲ್ಲಿ ಸ್ವಲ್ಪ ಭಾಗವನ್ನಾದರೂ ಕ್ರೆಡಿಟ್ ಕಾರ್ಡಿನಲ್ಲಿ ನೇರವಾಗಿ ಡೀಲರಿಗೆ ಕೊಟ್ಟಿದ್ದರೆ, 1974ರ ಕನ್ಸ್ಯೂಮರ್ ಕ್ರೆಡಿಟ್ ಆ್ಯಕ್ಟಿನ ಸೆಕ್ಷನ್ 75ರ ಪ್ರಕಾರ ಕಾರ್ಡು ಕೊಟ್ಟ ಬ್ಯಾಂಕೂ ಡೀಲರಿನಷ್ಟೇ ಹೊಣೆ. ಕಾರ್ಡಿನಲ್ಲಿ ಕೊಟ್ಟ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಬೆಲೆಗೆ. ಡೆಬಿಟ್ ಕಾರ್ಡಿಗೆ ಈ ಸೆಕ್ಷನ್ ಅನ್ವಯಿಸುವುದಿಲ್ಲ. ಹೊಸದಾಗಿ ಬಂದವರಿಗೆ ಸಿಗುವ ಕಾರ್ಡಿನ ಮಿತಿ ಚಿಕ್ಕದಿರಬಹುದು. ಆದರೂ ಮುಂಗಡವನ್ನಾದರೂ ಅದರಲ್ಲೇ ಕೊಡಿ.

ಹೈರ್ ಪರ್ಚೇಸ್ ಅಥವಾ ಪಿಸಿಪಿ ಕಂತಿನಲ್ಲಿ ಕೊಂಡಿದ್ದರೆ ಕಾನೂನಿನ ದೃಷ್ಟಿಯಲ್ಲಿ ಕಾರು ಫೈನಾನ್ಸ್ ಕಂಪನಿಯದು. ದೂರಿನ ಪತ್ರ ಅವರಿಗೇ ಹೋಗಬೇಕು, ಡೀಲರಿಗೆ ಒಂದು ಪ್ರತಿ. ಸಿಟ್ಟಿನಲ್ಲಿ ಕಂತು ಕಟ್ಟುವುದನ್ನು ಮಾತ್ರ ನಿಲ್ಲಿಸಬೇಡಿ. ಇಲ್ಲಿ ನೀವು ಹೊಸದಾಗಿ ಕಟ್ಟಿಕೊಳ್ಳುತ್ತಿರುವ ಕ್ರೆಡಿಟ್ ಹಿಸ್ಟರಿಗೆ ಅದರಿಂದ ಪೆಟ್ಟು ಬೀಳುತ್ತದೆ.

ಶೋರೂಮಿಗೆ ಹೋಗದೆ ಪೂರ್ತಿ ಆನ್‌ಲೈನಿನಲ್ಲೇ ವ್ಯಾಪಾರಿಯಿಂದ ಕೊಂಡಿದ್ದರೆ, ಮನೆಗೆ ಬಂದ 14 ದಿನದೊಳಗೆ ಕಾರಣವನ್ನೇ ಹೇಳದೆ ರದ್ದು ಮಾಡುವ ಹಕ್ಕು ಬೇರೆಯೇ ಇದೆ. ಖಾಸಗಿ ವ್ಯಕ್ತಿಯಿಂದ ಕೊಂಡರೆ ಈ ರಕ್ಷಣೆ ಬಹಳ ಕಡಿಮೆ. ಕಾರು ಅವರು ವರ್ಣಿಸಿದಂತೆ ಇರಬೇಕು, ಮಾರುವ ಹಕ್ಕು ಅವರಿಗಿರಬೇಕು, ಅಷ್ಟೇ. ಅದಕ್ಕೇ ಕೆಲವು ವ್ಯಾಪಾರಿಗಳು ಖಾಸಗಿ ವ್ಯಕ್ತಿಗಳಂತೆ ಜಾಹೀರಾತು ಕೊಡುತ್ತಾರೆ. ಹಾಗೆ ಮಾಡುವುದು ಅಪರಾಧ. ಒಂದೇ ನಂಬರಿನಲ್ಲಿ ನಾಲ್ಕು ಕಾರು ಮಾರಾಟಕ್ಕಿದ್ದರೆ ಅನುಮಾನಿಸಿ.

ಪತ್ರದಲ್ಲಿ ಏನಿರಬೇಕು

ಉದ್ದ ಬೇಡ, ಸಿಟ್ಟೂ ಬೇಡ. ಈ ಆರು ವಿಷಯ ಇದ್ದರೆ ಸಾಕು.

1. ಕಾರಿನ ನಂಬರ್, ಕೊಂಡ ತಾರೀಕು, ಕೊಟ್ಟ ಬೆಲೆ.
2. ಯಾವ ದಿನ ಏನಾಯಿತು. ಫೋಟೊ, ವಿಡಿಯೊ ಇದ್ದರೆ ಜೊತೆಗಿಡಿ.
3. ಹಿಂದೆ ಫೋನಿನಲ್ಲಿ ಆದ ಮಾತು, ಅದರ ತಾರೀಕು ಸಮೇತ.
4. ಗ್ಯಾರೇಜಿನ ವರದಿ.
5. ನಿಮಗೆ ಬೇಕಾದದ್ದು ಏನು ಎಂಬುದು. ಹಿಂತಿರುಗಿಸುವುದಾದರೆ ‘2015ರ ಕಾಯ್ದೆಯಡಿ ಈ ಕಾರನ್ನು ತಿರಸ್ಕರಿಸುತ್ತಿದ್ದೇನೆ’ ಎಂಬುದನ್ನು ಇಂಗ್ಲಿಷಿನಲ್ಲಿ ನೇರವಾಗಿ ಬರೆಯಿರಿ. ಬೇಸರವಾಗಿದೆ, ದಯವಿಟ್ಟು ಸಹಾಯ ಮಾಡಿ ಎಂದಷ್ಟೇ ಬರೆದರೆ ಅದು ತಿರಸ್ಕಾರ ಎನಿಸಿಕೊಳ್ಳುವುದಿಲ್ಲ.
6. ಉತ್ತರಕ್ಕೆ ಒಂದು ಗಡುವು, 14 ದಿನ ಎಂದಿಟ್ಟುಕೊಳ್ಳಿ.

ತಿರಸ್ಕರಿಸಿದ ಮೇಲೆ ಕಾರನ್ನು ಓಡಿಸಬೇಡಿ. ಓಡಿಸುತ್ತಲೇ ಇದ್ದರೆ ನೀವೇ ಅದನ್ನು ಒಪ್ಪಿಕೊಂಡಿದ್ದೀರಿ ಎಂಬ ವಾದಕ್ಕೆ ದಾರಿಯಾಗುತ್ತದೆ.

ಅವರು ಒಪ್ಪದಿದ್ದರೆ

ಡೀಲರು ಮೋಟಾರ್ ಆಂಬಡ್ಸ್‌ಮನ್ ಸಂಸ್ಥೆಗೆ ಸೇರಿದವರಾಗಿದ್ದರೆ ಅಲ್ಲಿ ಉಚಿತವಾಗಿ ದೂರು ಕೊಡಬಹುದು. ಬ್ಯಾಂಕು ಅಥವಾ ಫೈನಾನ್ಸ್ ಕಂಪನಿಗೆ ದೂರು ಕೊಟ್ಟು 8 ವಾರ ಕಳೆದರೂ ಅಂತಿಮ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಫೈನಾನ್ಷಿಯಲ್ ಆಂಬಡ್ಸ್‌ಮನ್ ಸರ್ವಿಸ್‌ಗೆ ಹೋಗಿ. ಅದೂ ಉಚಿತ, ವಕೀಲರು ಬೇಕಿಲ್ಲ. ಅಂತಿಮ ಉತ್ತರ ಬಂದ 6 ತಿಂಗಳೊಳಗೆ ಹೋಗಬೇಕು ಎಂಬುದು ನೆನಪಿರಲಿ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸಿಟಿಜನ್ಸ್ ಅಡ್ವೈಸ್‌ನ ಗ್ರಾಹಕ ಸಹಾಯವಾಣಿ ದಾರಿ ತೋರಿಸುತ್ತದೆ, ಅಗತ್ಯವಿದ್ದರೆ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ಗೂ ವಿಷಯ ಮುಟ್ಟಿಸುತ್ತದೆ. ಕೊನೆಯ ದಾರಿ ಸ್ಮಾಲ್ ಕ್ಲೇಮ್ಸ್ ಕೋರ್ಟು. ಅಲ್ಲಿ (ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ) 10,000 ಪೌಂಡಿನವರೆಗಿನ ವ್ಯಾಜ್ಯವನ್ನು ಸಾಮಾನ್ಯ ಜನ ತಾವೇ ನಡೆಸುತ್ತಾರೆ.

ನಾವು ಹಿಡಿದದ್ದು ಬ್ಯಾಂಕಿನ ದಾರಿ. ಮಾವ ಹೇಳಿದಂತೆ ಮೊದಲು ಬೇರೆ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಕೂಲೆಂಟ್ ಡಬ್ಬಿಯ ಬಾಯಿಗೆ ಒಂದು ಗಾಜಿನ ನಳಿಕೆ ಇಟ್ಟು, ಅದರಲ್ಲಿ ನೀಲಿ ದ್ರಾವಣ ತುಂಬಿ, ಎಂಜಿನ್ ಚಾಲೂ ಮಾಡಿದ. ನಾವು ನೋಡುತ್ತಿದ್ದ ಹಾಗೇ ನೀಲಿ ತಿಳಿಯಾಗುತ್ತ ಹಳದಿಗೆ ತಿರುಗಿತು. ಎಂಜಿನ್ನಿನಲ್ಲಿ ಉರಿದ ಅನಿಲ ಕೂಲೆಂಟಿಗೆ ನುಗ್ಗುತ್ತಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದ. ಡಬ್ಬಿಯ ಒಳಗೋಡೆಗೆ ಅಂಟಿದ್ದ ಕಂದು ಗಸಿಯನ್ನು ಬೆರಳಿನಿಂದ ಕೆರೆದು ತೋರಿಸಿದ. ಸೋರಿಕೆ ಮುಚ್ಚಲು ಹಿಂದೆ ಯಾರೋ ಸುರಿದಿದ್ದ ಔಷಧ ಅದು. ಅವನು ಬರೆದುಕೊಟ್ಟ ಒಂದು ಪುಟದ ವರದಿ, ನನ್ನ ತಿರಸ್ಕಾರದ ಪತ್ರ, 250 ಪೌಂಡಿನ ಕಾರ್ಡ್ ರಸೀತಿ ಈ ಮೂರನ್ನೂ ಬ್ಯಾಂಕಿಗೆ ಕಳಿಸಿದೆ. ಎರಡು ತಿಂಗಳಿಗೆ 5,300 ಪೌಂಡ್ ವಾಪಸ್ ಬಂತು. ಮುರಿದುಕೊಂಡ ಆ 300 ಪೌಂಡು, ನಾನು ಬರೆಯದೇ ಬಿಟ್ಟ ಎರಡು ಸಾಲಿನ ಬೆಲೆ.

ಕೊಳ್ಳುವ ಮುನ್ನ ಹತ್ತು ನಿಮಿಷ

ಕಾರಿನ ನಂಬರ್ ಹಾಕಿದರೆ ಸರ್ಕಾರದ ಜಾಲತಾಣದಲ್ಲಿ ಎಂಒಟಿ ಎಂಬ ವಾರ್ಷಿಕ ಸುರಕ್ಷತಾ ಪರೀಕ್ಷೆಯ ಇತಿಹಾಸ ಉಚಿತವಾಗಿ ಸಿಗುತ್ತದೆ. ಪ್ರತಿ ವರ್ಷದ ಮೈಲಿ ಏರುತ್ತಲೇ ಹೋಗಿದೆಯೇ, ಹಿಂದೆ ಯಾವ ಎಚ್ಚರಿಕೆ ಬರೆದಿದ್ದಾರೆ ಎಂದು ನೋಡಿ. ಆದರೆ ಎಂಒಟಿ ಪರೀಕ್ಷೆ ಎಂಜಿನ್, ಕ್ಲಚ್, ಗೇರ್‌ಬಾಕ್ಸಿನ ಸ್ಥಿತಿಯನ್ನು ನೋಡುವುದಿಲ್ಲ. ನಮ್ಮ ಕಾರಿಗೂ ಹೊಸ ಎಂಒಟಿ ಇತ್ತು. ವಿ5ಸಿ ಎಂಬ ನೋಂದಣಿ ಲಾಗ್‌ಬುಕ್ಕಿನಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಸಾಬೀತಾಗುವುದಿಲ್ಲ. ಕಾರಿನ ಮೇಲೆ ಹಳೆಯ ಸಾಲ ಬಾಕಿ ಇದೆಯೇ ಎಂದು ಸ್ವಲ್ಪ ಹಣ ಕೊಟ್ಟಾದರೂ ಪರಿಶೀಲಿಸಿ. ಎಂಜಿನ್ ತಣ್ಣಗಿರುವಾಗಲೇ ಹೋಗಿ ನೋಡಿ. ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಮಾರಿದ ಮೇಲೆ ಅದನ್ನು ಅಳಿಸಿಬಿಡುತ್ತಾರೆ.

ಕೊನೆಯದಾಗಿ

ಹೊಸಬರು ನನ್ನನ್ನು ಮೆಲ್ಲಗೆ ಕೇಳುವ ಪ್ರಶ್ನೆ ಒಂದಿದೆ: ದೂರು ಕೊಟ್ಟರೆ ವೀಸಾಕ್ಕೆ ತೊಂದರೆ ಆಗುತ್ತದಾ? ಇಲ್ಲ. ಈ ಕಾಯ್ದೆ ಗ್ರಾಹಕ ಎನ್ನುತ್ತದೆ, ನಾಗರಿಕ ಎನ್ನುವುದಿಲ್ಲ. ನಿನ್ನೆ ಬಂದವರಿಗೂ ಇಲ್ಲೇ ಹುಟ್ಟಿದವರಿಗೂ ಒಂದೇ ಹಕ್ಕು.

ನಾವು ಹೊಂದಿಕೊಂಡು ಹೋಗುವ ಜನ. ಪರದೇಶದಲ್ಲಿ ಆ ಗುಣ ನಮ್ಮನ್ನು ಬಹಳ ಕಡೆ ಕಾಪಾಡುತ್ತದೆ. ಆದರೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮೋಟಾರ್‌ವೇಯಲ್ಲಿ ಹೋಗುವ ಗಾಡಿಯ ವಿಷಯದಲ್ಲಿ ‘ಹೋಗ್ಲಿ ಬಿಡಿ’ ಎನ್ನಬೇಡಿ. ಕಾರಿನ ಕೀಲಿ ಕೈಗೆ ಬಂದ ದಿನವೇ ಅಡುಗೆಮನೆಯ ಕ್ಯಾಲೆಂಡರಿನಲ್ಲಿ 30ನೇ ದಿನಕ್ಕೆ ಒಂದು ಸುತ್ತು ಹಾಕಿ. ಅದಕ್ಕಿಂತ ಮುಂಚೆ ಏನಾದರೂ ಸದ್ದು ಕೇಳಿದರೆ, ವಾಸನೆ ಬಂದರೆ, ದೀಪ ಹೊತ್ತಿದರೆ, ಅವತ್ತೇ ರಾತ್ರಿ ಎರಡು ಸಾಲು ಬರೆದು ಕಳಿಸಿ. ಇಂಗ್ಲಿಷಿನಲ್ಲಿ ಬರೆಯಲು ಅಳುಕಾದರೆ ಕೂಟದ ಮುಂದಿನ ಸಭೆಗೆ ಕಾಗದಪತ್ರ ಹಿಡಿದು ಬನ್ನಿ. ಮಾವ ಇರುತ್ತಾರೆ, ನಾನೂ ಇರುತ್ತೇನೆ. ಕೂತು ಬರೆಯೋಣ.