ಮಾರು, ಆದರೆ ಹೇಳಿ ಮಾರು

ಕುದುರೆ ಮಾರಬೇಕೋ ಬೇಡವೋ ಅಂತ ಊಟ ಬಿಟ್ಟು ಕೂತಿದ್ದೀಯಂತೆ, ನಿಮ್ಮಮ್ಮ ಹೇಳಿದಳು. ಮಾರು ಕಣಪ್ಪ. ಆದರೆ ಅದು ಕೆಟ್ಟ ಕುದುರೆ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡು ಮಾತ್ರ ಮಾರಬೇಡ.

ರೇಸಿನಿಂದ ಬಿಟ್ಟ ಕುದುರೆ ಅದು. ಇಂಥವು ಕುಣಿಗಲ್ಲಿನಂಥ ಫಾರಂಗಳಲ್ಲಿ ಹುಟ್ಟಿ, 2 ವರ್ಷ ತುಂಬುವ ಹೊತ್ತಿಗೆ ಓಟಕ್ಕೆ ಬೀಳುತ್ತವೆ. ಏಳೆಂಟು ವರ್ಷಕ್ಕೆಲ್ಲ ರೇಸು ಮುಗಿದರೂ ಆಯಸ್ಸು 25ರವರೆಗೂ ಇರುತ್ತದೆ. ಬೂದು ಕುದುರೆ ವಯಸ್ಸಾಗುತ್ತ ಬೆಳ್ಳಗಾಗುತ್ತದೆ. ಆ ಬಿಳುಪು ನೋಡಿ, ಮದುವೆ ಮೆರವಣಿಗೆಗೆ ಹೇಳಿ ಮಾಡಿಸಿದ ಹಾಗಿದೆ ಅಂತ ನೀನು ತಂದುಬಿಟ್ಟೆ. ಬಣ್ಣ ಒಗ್ಗಿತು, ಸ್ವಭಾವ ಒಗ್ಗಲಿಲ್ಲ.

ಹೋದ ಮೆರವಣಿಗೆಯಲ್ಲಿ ನಾನೂ ಇದ್ದೆನಲ್ಲ. ಮೈಸೂರು ರಸ್ತೆ, ತಲೆಯ ಮೇಲೆ ಮೆಟ್ರೊ, ಪಕ್ಕದಲ್ಲಿ ಡಿಪೊಗೆ ತಿರುಗುವ ಬಸ್ಸು, ಮುಂದೆ ತಮಟೆ, ಅದರ ಜೊತೆಗೆ ಸರಪಟಾಕಿ. ಕುದುರೆಯ ಕಣ್ಣು ತಲೆಯ ಎರಡು ಪಕ್ಕಕ್ಕಿರುತ್ತದೆ. ಬಾಲದ ನೇರಕ್ಕೆ, ಹಣೆಯ ಮುಂದೆ ಒಂದಿಷ್ಟು ಜಾಗ ಬಿಟ್ಟರೆ ಸುತ್ತಲಿನದೆಲ್ಲ ಅದಕ್ಕೆ ಕಾಣುತ್ತಲೇ ಇರುತ್ತದೆ. ಹೆದರಿದರೆ ಓಡು ಅನ್ನುವುದು ಅದಕ್ಕೆ ಹುಟ್ಟಿನಿಂದ ಬಂದ ಬುದ್ಧಿ. ಮೇಲೆ ಮದುಮಗ ಕೂತಿದ್ದಾನೆ ಅಂತ ಅದಕ್ಕೇನು ಗೊತ್ತು? ಎರಡು ಕಿವಿಯೂ ಹಿಂದಕ್ಕೆ ಅಂಟಿಕೊಂಡಿದ್ದವು, ಕಣ್ಣಿನ ಬಿಳಿ ಕಾಣುತ್ತಿತ್ತು, ನೀನು ಲಗಾಮಿಗೆ ಜೋತುಬಿದ್ದಿದ್ದೆ. ಮನೆಗೆ ಬಂದ ಮೇಲೆ ಅದರ ಬಾಯಿಯ ಅಂಚು ನೋಡಿದೆಯಾ? ಕಡಿವಾಣ ಉಜ್ಜಿ ರಕ್ತ ಒಸರಿತ್ತು.

ಮಾರದೆ ಶೆಡ್ಡಿನಲ್ಲೇ ಕಟ್ಟಿ ಸಾಕುತ್ತೇನೆ ಅಂದೆಯಂತೆ. ನಿನ್ನ ಪ್ರೀತಿ ದೊಡ್ಡದು, ಆದರೆ ದೀಪಾಂಜಲಿ ನಗರದ 30-40 ಸೈಟಿನಲ್ಲಿ ಅದಕ್ಕೆ ಜಾಗವೆಲ್ಲಿದೆ? ಕುದುರೆಯ ಹೊಟ್ಟೆ ಸಣ್ಣದು. ದಿನವಿಡೀ ಸ್ವಲ್ಪಸ್ವಲ್ಪ ಹುಲ್ಲು ಮೇಯುತ್ತ ನಡೆದಾಡಬೇಕು. ನಿಂತಲ್ಲೇ ನಿಲ್ಲಿಸಿ ಎರಡು ಹೊತ್ತು ಹುರುಳಿ, ಬೂಸಾ ಸುರಿದರೆ ಹೊಟ್ಟೆಶೂಲೆ ಬರುತ್ತದೆ. ವಾಂತಿ ಮಾಡಿಕೊಳ್ಳಲು ಅದಕ್ಕೆ ಆಗದು, ಒದ್ದಾಡಿ ಸಾಯುತ್ತದೆ. ಲಾಯದಲ್ಲಿ ವಯಸ್ಸು ಕಳೆದವನು ನಾನು, ಅದನ್ನು ಕಣ್ಣಾರೆ ನೋಡಿದ್ದೇನೆ.

ಇನ್ನು ಮಾರುವ ಮಾತು. ಬಂದವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನೋಡಲಿ. ಯಾವ ಸುಳಿಯೂ ಹೇಳದ್ದನ್ನು ನೀನು ಹೇಳು: ಪಟಾಕಿಗೆ ಬೆದರುತ್ತದೆ, ಮೆರವಣಿಗೆಗೆ ಆಗದು, ಬಯಲಿನಲ್ಲಿ ಸವಾರಿಗೆ ಒಳ್ಳೆಯದು. ಕಾಂಕ್ರೀಟ್ ರಸ್ತೆಯಲ್ಲಿ ಹಗ್ಗ ಸಡಿಲ ಬಿಟ್ಟು ದುಡುಕಿಯಲ್ಲಿ ಓಡಿಸಿ ತೋರಿಸು. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ತಾಗಿದಾಗ ತಲೆ ಮೇಲಕ್ಕೇಳುತ್ತದೆ. ಕೊಳ್ಳುವವನು ಅದನ್ನೂ ನೋಡಿಕೊಳ್ಳಲಿ. ದಲ್ಲಾಳಿ ಬಂದು, ಒಂದು ನೋವಿನ ಇಂಜೆಕ್ಷನ್ ಹಾಕಿಬಿಡೋಣ ಅಂದರೆ ಅವನನ್ನು ಬಾಗಿಲಿನಿಂದಾಚೆಗೇ ಕಳಿಸು. ನೀನು ಮುಚ್ಚಿಟ್ಟಿದ್ದಕ್ಕೆ ನಾಳೆ ಏಟು ತಿನ್ನುವುದು ಕುದುರೆಯೇ.

ಹೆಚ್ಚು ಕೊಡುವವನಿಗಿಂತ ಹೆಚ್ಚು ಕೇಳುವವನಿಗೆ ಕೊಡು. ಏನು ತಿನ್ನುತ್ತದೆ, ಲಾಳ ಯಾವಾಗ ಕಟ್ಟಿಸಿದ್ದು, ಲಸಿಕೆ ಆಗಿದೆಯಾ ಅಂತ ಕೇಳುವವನು ಬಂದೇ ಬರುತ್ತಾನೆ. ಕೆಂಗೇರಿ, ಬಿಡದಿ ಕಡೆ ಜಮೀನಿರುವವರನ್ನು, ಸವಾರಿ ಕಲಿಸುವವರನ್ನು ವಿಚಾರಿಸು. ಒಂದು ವಾರ ಇಟ್ಟುಕೊಂಡು ನೋಡಲಿ, ಆಮೇಲೆ ದುಡ್ಡಿನ ಮಾತು. ಹತ್ತಿಪ್ಪತ್ತು ಸಾವಿರ ಕಡಿಮೆ ಬಂದರೆ ಬರಲಿ, ಅದನ್ನು ನಾನು ಹಾಕುತ್ತೇನೆ.

ಮುಂದಿನ ತಿಂಗಳು ಮದುವೆಗಳಿಗೆ ಅಡ್ವಾನ್ಸ್ ತೆಗೆದುಕೊಂಡಿದ್ದೀಯಲ್ಲ, ಅದನ್ನು ನಾಳೆ ಬೆಳಿಗ್ಗೆಯೇ ವಾಪಸು ಕೊಟ್ಟು ಬಾ. ಬೇರೆ ಕುದುರೆ ಗೊತ್ತುಮಾಡಿಕೊಳ್ಳಲು ಅವರಿಗೂ ಸಮಯ ಬೇಕು.